ನ್ಯುಮೋನಿಯಾ: ಮನೆಯಲ್ಲೇ ಮಾತ್ರೆ ಸಾಕೇ, ಆಸ್ಪತ್ರೆಗೆ ಸೇರಿಸಬೇಕೇ? ವೈದ್ಯರು ನಿರ್ಧರಿಸುವುದು ಹೀಗೆ

ಮೂರು ದಿನದಿಂದ ಜ್ವರ, ಕೆಮ್ಮು. ಎದೆಯ ಎಕ್ಸ್-ರೇ ನೋಡಿದ ವೈದ್ಯರು ‘ನ್ಯುಮೋನಿಯಾ ಆಗಿದೆ’ ಎನ್ನುತ್ತಾರೆ. ಆ ಮಾತು ಕಿವಿಗೆ ಬೀಳುತ್ತಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಅಡ್ಮಿಟ್ ಮಾಡಬೇಕಾ ಡಾಕ್ಟ್ರೇ?’

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಬಹಳ ಮುಖ್ಯ. ಆಸ್ಪತ್ರೆಯಲ್ಲಿ ಇರಬೇಕಾದ ರೋಗಿ ಮಾತ್ರೆ ತೆಗೆದುಕೊಂಡು ಮನೆಗೆ ಹೋದರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ ಬರಬಹುದು. ಮನೆಯಲ್ಲೇ ಗುಣವಾಗುವವರನ್ನು ಆಸ್ಪತ್ರೆಗೆ ಸೇರಿಸಿದರೆ ಅನಗತ್ಯ ಖರ್ಚು, ಜೊತೆಗೆ ಆಸ್ಪತ್ರೆಯಲ್ಲಿ ಬೇರೆ ಸೋಂಕು ತಗಲುವ ಭಯ. ಹಾಗಾದರೆ ವೈದ್ಯರು ಇದನ್ನು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಇದಕ್ಕೆಂದೇ ಇರುವ ಅಂಕಪಟ್ಟಿಗಳು ಯಾವುವು? ಅವು ಎಲ್ಲಿ ಎಡವುತ್ತವೆ? ಮನೆಯವರು ಏನನ್ನು ಗಮನಿಸಬೇಕು? ಇಲ್ಲಿದೆ ವಿವರ.

ಜ್ವರ, ಕಫದ ಬಣ್ಣ ನೋಡಿ ಹೇಳಲಾಗದು

ನ್ಯುಮೋನಿಯಾ ಎಂದರೆ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಿಗೆ ಸೋಂಕು ತಗುಲಿ, ಗಾಳಿ ಇರಬೇಕಾದ ಜಾಗದಲ್ಲಿ ಕೀವು, ದ್ರವ ತುಂಬಿಕೊಳ್ಳುವುದು. ಆಗ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆಯಾಗುತ್ತದೆ. ಕೊರತೆ ತುಂಬಿಕೊಳ್ಳಲು ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ. ಸೋಂಕಿನ ಪರಿಣಾಮ ಇಡೀ ದೇಹಕ್ಕೆ ಹಬ್ಬಿದರೆ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಕಿಡ್ನಿಗೆ ಸಾಕಷ್ಟು ರಕ್ತ ಹೋಗದೆ ರಕ್ತದಲ್ಲಿ ಯೂರಿಯಾ ಏರುತ್ತದೆ. ಮಿದುಳಿಗೂ ಬಿಸಿ ತಟ್ಟಿ ರೋಗಿ ಮಂಕಾಗುತ್ತಾರೆ, ಮಾತು ತಪ್ಪುತ್ತದೆ.

ಅಂದರೆ ರೋಗ ಎಷ್ಟು ತೀವ್ರವಾಗಿದೆ ಎಂಬುದು ಜ್ವರ 101 ಇದೆಯೋ 103 ಇದೆಯೋ, ಕಫ ಹಳದಿಯೋ ಹಸಿರೋ ಎಂಬುದರಿಂದ ತಿಳಿಯುವುದಿಲ್ಲ. ಶ್ವಾಸಕೋಶದ ಸೋಂಕು ದೇಹದ ಉಳಿದ ಅಂಗಗಳನ್ನು ಎಷ್ಟು ಕಂಗೆಡಿಸಿದೆ ಎಂಬುದರಿಂದ ತಿಳಿಯುತ್ತದೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರವೇ ಬರುವುದಿಲ್ಲ. ಊಟ ಬಿಡುವುದು, ಇದ್ದಕ್ಕಿದ್ದಂತೆ ಬೀಳುವುದು, ಗೊಂದಲದ ಮಾತು ಇಷ್ಟೇ ನ್ಯುಮೋನಿಯಾದ ಮೊದಲ ಸುಳಿವು ಆಗಿರಬಹುದು.

ಐದು ಪ್ರಶ್ನೆ, ಐದು ಅಂಕ: ಕರ್ಬ್-65

ಈ ಲೆಕ್ಕಾಚಾರದ ಬೇರು ಬ್ರಿಟನ್‌ನಲ್ಲಿದೆ. 1982-83ರಲ್ಲಿ ಅಲ್ಲಿನ 25 ಆಸ್ಪತ್ರೆಗಳಿಗೆ ನ್ಯುಮೋನಿಯಾದಿಂದ ದಾಖಲಾದ 453 ವಯಸ್ಕರನ್ನು ಬ್ರಿಟಿಷ್ ಥೊರಾಸಿಕ್ ಸೊಸೈಟಿ ಅಧ್ಯಯನ ಮಾಡಿತು. ಉಸಿರಾಟದ ವೇಗ, ಕೆಳಗಿನ ಬಿಪಿ ಮತ್ತು ಯೂರಿಯಾ, ಈ ಮೂರರಲ್ಲಿ ಎರಡು ಕೆಟ್ಟಿದ್ದರೂ ಸಾವಿನ ಅಪಾಯ ಹೆಚ್ಚು ಎಂಬುದು ಅಲ್ಲಿ ಕಂಡುಬಂತು. ಮುಂದೆ ಡಾ. ವೀ ಶೆನ್ ಲಿಮ್ ಮತ್ತು ಸಂಗಡಿಗರು ಬ್ರಿಟನ್, ನ್ಯೂಜಿಲೆಂಡ್, ನೆದರ್ಲೆಂಡ್ಸ್‌ನ 1,068 ರೋಗಿಗಳ ಮಾಹಿತಿ ಇಟ್ಟುಕೊಂಡು 2003ರಲ್ಲಿ ‘ಕರ್ಬ್-65’ ಎಂಬ ಅಂಕಪಟ್ಟಿ ಪ್ರಕಟಿಸಿದರು. ಇಂದು ಜಗತ್ತಿನಾದ್ಯಂತ ವೈದ್ಯರು ಬಳಸುವ ಸುಲಭ ಲೆಕ್ಕ ಇದೇ.

ಇದರಲ್ಲಿ ಐದು ಅಂಶಗಳಿವೆ. ಒಂದೊಂದಕ್ಕೂ ಒಂದು ಅಂಕ.

* ಗೊಂದಲ: ಹೊಸದಾಗಿ ಮಂಕು ಕವಿದಿದೆಯೇ? ತಾನು ಎಲ್ಲಿದ್ದೇನೆ, ಇವತ್ತು ಯಾವ ದಿನ, ಎದುರಿಗಿರುವವರು ಯಾರು ಎಂಬುದು ತಿಳಿಯುತ್ತಿಲ್ಲವೇ?
* ಯೂರಿಯಾ: ರಕ್ತದಲ್ಲಿ ಲೀಟರ್‌ಗೆ 7 ಮಿಲಿಮೋಲ್‌ಗಿಂತ ಹೆಚ್ಚಿದೆಯೇ?
* ಉಸಿರಾಟ: ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದಾರೆಯೇ?
* ರಕ್ತದೊತ್ತಡ: ಮೇಲಿನ ಬಿಪಿ 90ಕ್ಕಿಂತ ಕಡಿಮೆ, ಅಥವಾ ಕೆಳಗಿನ ಬಿಪಿ 60 ಅಥವಾ ಅದಕ್ಕಿಂತ ಕಡಿಮೆ ಇದೆಯೇ?
* ವಯಸ್ಸು: 65 ಅಥವಾ ಅದಕ್ಕಿಂತ ಹೆಚ್ಚೇ?

ಮೊದಲ ನಾಲ್ಕು ಅಂಶಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಾದ ಸಿ, ಯು, ಆರ್, ಬಿ ಸೇರಿ ‘ಕರ್ಬ್’ ಆಗಿದೆ. ಕೊನೆಯ 65 ವಯಸ್ಸನ್ನು ಸೂಚಿಸುತ್ತದೆ. ಇಡೀ ಪಟ್ಟಿಯಲ್ಲಿ ಜ್ವರವೂ ಇಲ್ಲ, ಕೆಮ್ಮೂ ಇಲ್ಲ ಎಂಬುದನ್ನು ಗಮನಿಸಿ.

ಅಂಕ ಎಷ್ಟಾದರೆ ಎಲ್ಲಿ ಚಿಕಿತ್ಸೆ?

0 ಅಥವಾ 1: ಅಪಾಯ ಕಡಿಮೆ. ಬೇರೆ ತೊಂದರೆ ಇಲ್ಲದಿದ್ದರೆ ಮನೆಯಲ್ಲೇ ಚಿಕಿತ್ಸೆ ಸಾಧ್ಯ. ಮೂಲ ಅಧ್ಯಯನದಲ್ಲಿ ಈ ಗುಂಪಿನ ಶೇ. 1.5ರಷ್ಟು ಮಂದಿ 30 ದಿನದೊಳಗೆ ಮೃತಪಟ್ಟಿದ್ದರು.

2: ಮಧ್ಯಮ ಅಪಾಯ. ವಾರ್ಡ್‌ಗೆ ಸೇರಿಸಿಕೊಳ್ಳುವುದು ಅಥವಾ ಆಸ್ಪತ್ರೆಯ ನಿಗಾದಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು. ಈ ಗುಂಪಿನಲ್ಲಿ ಸಾವಿನ ಪ್ರಮಾಣ ಶೇ. 9.2 ಇತ್ತು.

3 ಅಥವಾ ಹೆಚ್ಚು: ತೀವ್ರ ನ್ಯುಮೋನಿಯಾ. ತಡಮಾಡದೆ ಆಸ್ಪತ್ರೆಗೆ ದಾಖಲಿಸಬೇಕು. 4 ಅಥವಾ 5 ಇದ್ದರೆ ಐಸಿಯು ಬೇಕೇ ಎಂದು ಕೂಡಲೇ ಯೋಚಿಸಬೇಕು. 3ರಿಂದ 5 ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 22 ಇತ್ತು.

ಇವು ಆ ಅಧ್ಯಯನದ ಗುಂಪಿನ ಲೆಕ್ಕ. ನಿಮ್ಮ ಮನೆಯ ಒಬ್ಬ ರೋಗಿಯ ಭವಿಷ್ಯ ಅಲ್ಲ. ಅಂಕ 3 ಬಂತು ಎಂದರೆ ಕೈಚೆಲ್ಲಬೇಕಾಗಿಲ್ಲ, ಬೇಗ ಎಚ್ಚೆತ್ತುಕೊಳ್ಳಬೇಕು ಎಂದರ್ಥ.

ಲ್ಯಾಬ್ ರಿಪೋರ್ಟ್ ಓದುವಾಗ ಈ ತಪ್ಪು ಮಾಡಬೇಡಿ

ಬ್ರಿಟನ್‌ನಲ್ಲಿ ಯೂರಿಯಾವನ್ನು ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ. ನಮ್ಮ ಲ್ಯಾಬ್‌ಗಳ ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ಮಿಲಿಗ್ರಾಂ ಲೆಕ್ಕ ಇರುತ್ತದೆ. ಅದರಲ್ಲೂ ಎರಡು ಬಗೆ. ಕೆಲವು ಕಡೆ ‘ಬ್ಲಡ್ ಯೂರಿಯಾ’ ಎಂದಿರುತ್ತದೆ, ಕೆಲವು ಕಡೆ ‘ಬಿಯುಎನ್’ ಎಂದಿರುತ್ತದೆ. ಎರಡೂ ಒಂದೇ ಅಲ್ಲ. ಬಿಯುಎನ್ ಎಂದರೆ ಯೂರಿಯಾದಲ್ಲಿರುವ ಸಾರಜನಕದ ಭಾಗ ಮಾತ್ರ.

7 ಮಿಲಿಮೋಲ್ ಎಂದರೆ ಡೆಸಿಲೀಟರ್‌ಗೆ ಸುಮಾರು 42 ಮಿಲಿಗ್ರಾಂ ಬ್ಲಡ್ ಯೂರಿಯಾ, ಅಥವಾ ಸುಮಾರು 20 ಮಿಲಿಗ್ರಾಂ ಬಿಯುಎನ್. ಹಾಗಾಗಿ ಬ್ಲಡ್ ಯೂರಿಯಾ 30 ಇದ್ದರೆ ಗಾಬರಿ ಬೇಡ. ಆದರೆ ಬಿಯುಎನ್ 30 ಇದ್ದರೆ ಅದಕ್ಕೆ ಒಂದು ಅಂಕ ಸೇರುತ್ತದೆ. ಮೊದಲಿನಿಂದಲೂ ಕಿಡ್ನಿ ತೊಂದರೆ ಇರುವವರ ಹಳೆಯ ರಿಪೋರ್ಟ್ ಇದ್ದರೆ ವೈದ್ಯರಿಗೆ ತೋರಿಸಿ. ಏರಿಕೆ ಹೊಸದೋ ಹಳೆಯದೋ ಎಂಬುದು ಅದರಿಂದ ಗೊತ್ತಾಗುತ್ತದೆ.

ರಕ್ತ ಪರೀಕ್ಷೆಯ ಸೌಲಭ್ಯ ಇಲ್ಲದ ಚಿಕ್ಕ ಕ್ಲಿನಿಕ್‌ನಲ್ಲಿ ಏನು ಮಾಡುವುದು? ಅದಕ್ಕೂ ದಾರಿ ಇದೆ. ಯೂರಿಯಾ ಬಿಟ್ಟು ಉಳಿದ ನಾಲ್ಕನ್ನೇ ಲೆಕ್ಕ ಹಾಕುವ ‘ಸಿಆರ್‌ಬಿ-65’ ಎಂಬ ಅಂಕಪಟ್ಟಿ ಇದೆ. ಇದಕ್ಕೆ ಬೇಕಾದದ್ದು ಬಿಪಿ ಯಂತ್ರ, ಗಡಿಯಾರ ಮತ್ತು ಎರಡು ನಿಮಿಷದ ಮಾತುಕತೆ ಅಷ್ಟೇ. ಇಲ್ಲಿ 0 ಬಂದರೆ ಅಪಾಯ ಕಡಿಮೆ. 1 ಅಥವಾ 2 ಬಂದರೆ ಆಸ್ಪತ್ರೆಗೆ ಕಳುಹಿಸುವ ಬಗ್ಗೆ ಯೋಚಿಸಬೇಕು. 3 ಅಥವಾ 4 ಬಂದರೆ ತುರ್ತಾಗಿ ದಾಖಲಿಸಬೇಕು. ಭಾರತದ ಶ್ವಾಸಕೋಶ ತಜ್ಞರ ಸಂಘಟನೆಗಳು 2012ರಲ್ಲಿ ಹೊರತಂದ ಮಾರ್ಗಸೂಚಿಯೂ ಮೊದಲ ಹಂತದಲ್ಲಿ ಈ ಅಂಕದ ಜೊತೆ ಪಲ್ಸ್ ಆಕ್ಸಿಮೀಟರ್ ಬಳಸುವಂತೆ ಹೇಳಿದೆ.

ಇನ್ನೊಂದು ಅಂಕಪಟ್ಟಿ: ಪಿಎಸ್‌ಐ

ಪಿಎಸ್‌ಐ ಎಂದಾಕ್ಷಣ ನಮಗೆ ನೆನಪಾಗುವುದು ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ಆದರೆ ವೈದ್ಯರ ಪಿಎಸ್‌ಐ ಬೇರೆ. ಅದು ‘ನ್ಯುಮೋನಿಯಾ ಸಿವಿಯರಿಟಿ ಇಂಡೆಕ್ಸ್’. ಅಮೆರಿಕದ ಡಾ. ಮೈಕೆಲ್ ಫೈನ್ ಮತ್ತು ತಂಡ 1997ರಲ್ಲಿ ಇದನ್ನು ಪ್ರಕಟಿಸಿತು. 14,199 ರೋಗಿಗಳ ಮಾಹಿತಿಯಿಂದ ಸೂತ್ರ ರೂಪಿಸಿ, ಇನ್ನೂ 38,039 ರೋಗಿಗಳ ಮಾಹಿತಿಯಲ್ಲಿ ಅದನ್ನು ಒರೆಗೆ ಹಚ್ಚಿದ್ದರು.

ಇದರಲ್ಲಿ 20 ಅಂಶಗಳಿವೆ. ವಯಸ್ಸು ಎಷ್ಟೋ ಅಷ್ಟೇ ಅಂಕ, ಮಹಿಳೆಯಾದರೆ ಅದರಲ್ಲಿ 10 ಕಳೆಯಬೇಕು. ಕ್ಯಾನ್ಸರ್‌ಗೆ 30, ಲಿವರ್ ಕಾಯಿಲೆಗೆ 20, ಹೃದಯ ವೈಫಲ್ಯ, ಪಾರ್ಶ್ವವಾಯು, ಕಿಡ್ನಿ ಕಾಯಿಲೆಗೆ ತಲಾ 10. ಮಂಕು ಕವಿದಿದ್ದರೆ 20, ಉಸಿರಾಟ 30 ಅಥವಾ ಹೆಚ್ಚಿದ್ದರೆ 20, ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇದ್ದರೆ 20. ನಾಡಿಬಡಿತ, ದೇಹದ ಉಷ್ಣಾಂಶ, ಸೋಡಿಯಂ, ಸಕ್ಕರೆ, ಆಮ್ಲಜನಕ, ಶ್ವಾಸಕೋಶದ ಸುತ್ತ ನೀರು ತುಂಬಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಒಟ್ಟು ಅಂಕದ ಮೇಲೆ ಐದು ವರ್ಗ. 70ರವರೆಗೆ ಎರಡನೇ ವರ್ಗ, 71ರಿಂದ 90 ಮೂರನೆಯದು, 91ರಿಂದ 130 ನಾಲ್ಕನೆಯದು, 130 ದಾಟಿದರೆ ಐದನೆಯದು. 50 ದಾಟದ, ಬೇರೆ ಕಾಯಿಲೆ ಇಲ್ಲದ, ನಾಡಿ, ಉಸಿರು, ಬಿಪಿ, ಉಷ್ಣಾಂಶ ಮತ್ತು ಪ್ರಜ್ಞೆ ತೀರಾ ಹದಗೆಡದವರು ನೇರವಾಗಿ ಒಂದನೇ ವರ್ಗ. ಒಂದು ಮತ್ತು ಎರಡನೇ ವರ್ಗದವರಿಗೆ ಮನೆ ಚಿಕಿತ್ಸೆ, ನಾಲ್ಕು ಮತ್ತು ಐದನೇ ವರ್ಗಕ್ಕೆ ಆಸ್ಪತ್ರೆ. ಮೂರನೆಯವರಿಗೆ ಅಲ್ಪಾವಧಿಯ ನಿಗಾ ಎಂಬುದು ಸಾಮಾನ್ಯ ಪದ್ಧತಿ. ಒಂದನೇ ವರ್ಗದಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದರಷ್ಟಿದ್ದರೆ, ಐದನೇ ವರ್ಗದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಇತ್ತು.

ಯಾರನ್ನು ಧೈರ್ಯವಾಗಿ ಮನೆಗೆ ಕಳುಹಿಸಬಹುದು ಎಂದು ಹೇಳುವುದರಲ್ಲಿ ಪಿಎಸ್‌ಐ ಹೆಚ್ಚು ನಿಖರ. ಅಮೆರಿಕದ ತಜ್ಞರ 2019ರ ಮಾರ್ಗಸೂಚಿ ಕರ್ಬ್-65ಗಿಂತ ಇದಕ್ಕೇ ಆದ್ಯತೆ ಕೊಟ್ಟಿದೆ. ಆದರೆ ಹಲವು ರಕ್ತ ಪರೀಕ್ಷೆಗಳು ಬೇಕಾಗುವುದರಿಂದ ಎಲ್ಲ ಕಡೆ ಬಳಸುವುದು ಸುಲಭವಲ್ಲ.

ಅಂಕ ಎಡವುವುದು ಇಲ್ಲೇ: ಎರಡು ಉದಾಹರಣೆ

ಅಂಕಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಕಾಲ್ಪನಿಕ ಉದಾಹರಣೆ ನೋಡೋಣ.

ಮೊದಲನೆಯದು, 80 ವರ್ಷದ ಅಜ್ಜ. ಕೆಮ್ಮು, ಸಣ್ಣ ಜ್ವರ. ಉಸಿರಾಟ ನಿಮಿಷಕ್ಕೆ 20, ಬಿಪಿ ಸರಿಯಾಗಿದೆ, ಆಮ್ಲಜನಕ 96. ಗಂಜಿ ಕುಡಿದು, ಪೇಪರ್ ಓದುತ್ತಾ ಕುಳಿತಿದ್ದಾರೆ. ವಯಸ್ಸೊಂದರಿಂದಲೇ ಪಿಎಸ್‌ಐನಲ್ಲಿ 80 ಅಂಕ, ಅಂದರೆ ಮೂರನೇ ವರ್ಗ. ಮನೆಯಲ್ಲಿ ನೋಡಿಕೊಳ್ಳುವವರಿದ್ದು, ಮರುದಿನ ಮತ್ತೆ ತೋರಿಸಲು ಸಾಧ್ಯವಾದರೆ ಇವರನ್ನು ಮನೆಯಲ್ಲೇ ಗುಣಪಡಿಸಬಹುದು.

ಎರಡನೆಯದು, 28 ವರ್ಷದ ಯುವತಿ. ಬೇರೆ ಕಾಯಿಲೆ ಇಲ್ಲ. ಉಸಿರಾಟ 28, ಬಿಪಿ 110/70, ನಾಡಿ 118, ಮಾತು ಸ್ಪಷ್ಟ, ಯೂರಿಯಾ ಸರಿಯಾಗಿದೆ. ಕರ್ಬ್-65 ಅಂಕ ಸೊನ್ನೆ. ಪಿಎಸ್‌ಐ ಒಂದನೇ ವರ್ಗ. ಎರಡೂ ಅಂಕಪಟ್ಟಿ ‘ಮನೆಗೆ ಕಳುಹಿಸಿ’ ಎನ್ನುತ್ತವೆ. ಆದರೆ ಆಕೆಯ ಆಮ್ಲಜನಕ 86! ಆಕೆಗೆ ಆ ಕ್ಷಣದಲ್ಲೇ ಆಕ್ಸಿಜನ್ ಬೇಕು, ಆಸ್ಪತ್ರೆ ಬೇಕು.

ಹೀಗಾಗಲು ಕಾರಣವಿದೆ. ಕರ್ಬ್-65ರಲ್ಲಿ ಆಮ್ಲಜನಕದ ಅಳತೆಯೇ ಇಲ್ಲ. ಪಿಎಸ್‌ಐನ ಮೊದಲ ಹಂತದಲ್ಲೂ ಇಲ್ಲ. ಎರಡೂ ವಯಸ್ಸಿಗೆ ಹೆಚ್ಚು ತೂಕ ಕೊಡುತ್ತವೆ. ಹಾಗಾಗಿ ಯುವಕರಲ್ಲಿ ತೀವ್ರತೆ ಕಡಿಮೆ ಕಾಣುತ್ತದೆ, ಹಿರಿಯರಲ್ಲಿ ಹೆಚ್ಚು ಕಾಣುತ್ತದೆ. ಅಂಕದ ಜೊತೆಗೆ ಆಮ್ಲಜನಕ ನೋಡಲೇಬೇಕು ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಅಂಕಕ್ಕೆ ಸಿಗದ ಬೇರೆ ಸಂಗತಿಗಳೂ ಇವೆ. ರೋಗಿ ಮಾತ್ರೆ ನುಂಗಿದರೆ ವಾಂತಿಯಾಗುತ್ತದೆಯೇ? ಮನೆಯಲ್ಲಿ ಒಬ್ಬರೇ ಇದ್ದಾರೆಯೇ? ಗರ್ಭಿಣಿಯೇ? ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಕುಂದಿದೆಯೇ? ಇವುಗಳಲ್ಲಿ ಒಂದಿದ್ದರೂ ಅಂಕ ಕಡಿಮೆ ಇರುವಾಗಲೂ ದಾಖಲು ಮಾಡಿಕೊಳ್ಳಬೇಕಾಗಬಹುದು.

ಆಕ್ಸಿಮೀಟರ್: ಎಷ್ಟಿದ್ದರೆ ಎಚ್ಚರ?

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಈಗ ಅನೇಕರ ಕಪಾಟಿನಲ್ಲಿ ಕುಳಿತಿದೆ. ಅದನ್ನು ಹೊರತೆಗೆಯುವ ಸಮಯ ಇದೇ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ರಿಂದ 100 ಇರುತ್ತದೆ. ನ್ಯುಮೋನಿಯಾ ರೋಗಿಯಲ್ಲಿ 50 ವರ್ಷದೊಳಗಿನವರಿಗೆ 92 ಅಥವಾ ಕಡಿಮೆ, 50 ದಾಟಿದವರಿಗೆ 90 ಅಥವಾ ಕಡಿಮೆ ಇದ್ದರೆ ಆಮ್ಲಜನಕದ ಕೊರತೆ ಇದೆ ಎಂದು ಭಾರತೀಯ ಮಾರ್ಗಸೂಚಿ ಪರಿಗಣಿಸುತ್ತದೆ. ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಅಳೆಯುವಾಗ ಕೆಲವು ಎಚ್ಚರಿಕೆ ಬೇಕು. ನೇಲ್ ಪಾಲಿಶ್ ಇದ್ದರೆ ತೆಗೆಯಿರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಐದು ನಿಮಿಷ ಕುಳಿತು ವಿಶ್ರಾಂತಿ ಪಡೆದ ನಂತರ ನೋಡಿ. ಅಂಕಿ ಸ್ಥಿರವಾಗುವವರೆಗೆ ಕಾಯಿರಿ. ಇನ್ನೊಂದು ಮುಖ್ಯ ಸಂಗತಿ ಎಂದರೆ ಕಪ್ಪು ಮೈಬಣ್ಣದವರಲ್ಲಿ ಈ ಸಾಧನ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ ಅಂಕಿ ಚೆನ್ನಾಗಿದ್ದರೂ ರೋಗಿ ಏದುಸಿರು ಬಿಡುತ್ತಿದ್ದರೆ ಅಂಕಿಯನ್ನಲ್ಲ, ರೋಗಿಯನ್ನು ನಂಬಿ.

ಬಹುಕಾಲದಿಂದ ಬೀಡಿ, ಸಿಗರೇಟು ಅಥವಾ ಒಲೆಯ ಹೊಗೆಯಿಂದ ಶ್ವಾಸಕೋಶದ ಸಿಒಪಿಡಿ ಕಾಯಿಲೆ ಇರುವವರಲ್ಲಿ ಆಮ್ಲಜನಕ ಮೊದಲಿನಿಂದಲೂ ಕಡಿಮೆ ಇರಬಹುದು. ಅಂಥವರಿಗೆ ಅತಿಯಾದ ಆಕ್ಸಿಜನ್ ಕೊಡುವುದೂ ತೊಂದರೆಯೇ. ಅವರ ಮಾಮೂಲಿ ಅಂಕಿ ಎಷ್ಟು ಎಂದು ವೈದ್ಯರಿಗೆ ತಿಳಿಸಿ.

ಐಸಿಯು ಯಾವಾಗ?

ಕೃತಕ ಉಸಿರಾಟದ ಯಂತ್ರ ಬೇಕಾದರೆ, ಅಥವಾ ಬಿಪಿ ನಿಲ್ಲಿಸಲು ಔಷಧದ ಡ್ರಿಪ್ ಬೇಕಾದರೆ ಐಸಿಯು ಅನಿವಾರ್ಯ. ಇವೆರಡು ಪ್ರಮುಖ ಮಾನದಂಡ. ಇವಿಲ್ಲದಿದ್ದರೂ ಕೆಲವು ಕಿರು ಮಾನದಂಡಗಳಿವೆ: ಉಸಿರಾಟ 30 ಅಥವಾ ಹೆಚ್ಚು, ಎಕ್ಸ್-ರೇಯಲ್ಲಿ ಶ್ವಾಸಕೋಶದ ಒಂದಕ್ಕಿಂತ ಹೆಚ್ಚು ಹಾಲೆಗಳಿಗೆ ಸೋಂಕು, ಮಂಕು, ಬಿಯುಎನ್ 20 ಅಥವಾ ಹೆಚ್ಚು, ಬಿಳಿ ರಕ್ತಕಣ 4,000ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ, ದೇಹದ ಉಷ್ಣಾಂಶ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ಸಾಕಷ್ಟು ಸಲೈನ್ ಹಾಕಬೇಕಾದಷ್ಟು ಬಿಪಿ ಕುಸಿತ, ಆಕ್ಸಿಜನ್ ಕೊಟ್ಟರೂ ರಕ್ತದಲ್ಲಿ ಸಾಕಷ್ಟು ಏರದಿರುವುದು. ಇವುಗಳಲ್ಲಿ ಮೂರು ಇದ್ದರೂ ಅದು ತೀವ್ರ ನ್ಯುಮೋನಿಯಾ.

ತೀವ್ರತೆ ಗುರುತಿಸುವುದು ಬೆಡ್ ಯಾವುದು ಎಂದು ತೀರ್ಮಾನಿಸಲು ಮಾತ್ರವಲ್ಲ. ಔಷಧವೂ ಬದಲಾಗುತ್ತದೆ. ಕಡಿಮೆ ತೀವ್ರತೆಗೆ ಅಮಾಕ್ಸಿಸಿಲಿನ್‌ನಂಥ ಮಾತ್ರೆ ಸಾಕಾಗಬಹುದು. ವಾರ್ಡ್‌ನಲ್ಲಿ ಇರುವವರಿಗೆ ಸಾಮಾನ್ಯವಾಗಿ ಎರಡು ಬಗೆಯ ಆಂಟಿಬಯೋಟಿಕ್ ಒಟ್ಟಿಗೆ ಕೊಡುತ್ತಾರೆ. ತೀವ್ರ ನ್ಯುಮೋನಿಯಾಕ್ಕೆ ನರದ ಮೂಲಕವೇ ಔಷಧ. ಫ್ರಾನ್ಸ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐಸಿಯುಗೆ ದಾಖಲಾದ ತೀವ್ರ ನ್ಯುಮೋನಿಯಾ ರೋಗಿಗಳಿಗೆ ಬೇಗನೆ ಹೈಡ್ರೋಕಾರ್ಟಿಸೋನ್ ಕೊಟ್ಟಾಗ 28 ದಿನದೊಳಗಿನ ಸಾವು ಶೇ. 11.9ರಿಂದ ಶೇ. 6.2ಕ್ಕೆ ಇಳಿದಿತ್ತು. ಆದರೆ ಇದೇ ಸ್ಟೀರಾಯ್ಡ್ ಅನ್ನು ಸಾಧಾರಣ ನ್ಯುಮೋನಿಯಾಕ್ಕೆ ಎಲ್ಲರಿಗೂ ಕೊಡುವಂತಿಲ್ಲ. ತೀವ್ರತೆ ಅಳೆಯದೆ ಇಂಥ ನಿರ್ಧಾರ ಸಾಧ್ಯವಿಲ್ಲ.

ನಮ್ಮ ದೇಶದಲ್ಲಿ ಟಿಬಿ ಮರೆಯಬಾರದು

ಎಕ್ಸ್-ರೇಯಲ್ಲಿ ನ್ಯುಮೋನಿಯಾದಂತೆ ಕಾಣುವುದು ಕೆಲವೊಮ್ಮೆ ಕ್ಷಯವಾಗಿರುತ್ತದೆ. ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಯುವುದು, ಸಂಜೆ ಜ್ವರ, ರಾತ್ರಿ ಬೆವರುವುದು ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಕ್ಷಯದ ಕ್ರಿಮಿಯನ್ನೂ ತಾತ್ಕಾಲಿಕವಾಗಿ ಅಡಗಿಸುತ್ತದೆ. ರೋಗಿಗೆ ನಾಲ್ಕು ದಿನ ಹಾಯೆನಿಸುತ್ತದೆ, ಕಾಯಿಲೆ ಪತ್ತೆಯಾಗುವುದು ತಡವಾಗುತ್ತದೆ. ಆದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಇಂಥ ಮಾತ್ರೆ ತೆಗೆದುಕೊಳ್ಳಬೇಡಿ.

ಮಕ್ಕಳಿಗೆ ಬೇರೆ ಲೆಕ್ಕ

ಮೇಲೆ ಹೇಳಿದ್ದೆಲ್ಲ ದೊಡ್ಡವರಿಗೆ. ಐದು ವರ್ಷದೊಳಗಿನ ಮಕ್ಕಳಿಗೆ ಕರ್ಬ್-65 ಅನ್ವಯಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಈ ಮಿತಿ ಮುಟ್ಟಿದರೆ ಅದು ವೇಗದ ಉಸಿರಾಟ.

* 2 ತಿಂಗಳೊಳಗಿನ ಶಿಶು: 60 ಅಥವಾ ಹೆಚ್ಚು
* 2 ತಿಂಗಳಿಂದ 1 ವರ್ಷದವರೆಗೆ: 50 ಅಥವಾ ಹೆಚ್ಚು
* 1ರಿಂದ 5 ವರ್ಷ: 40 ಅಥವಾ ಹೆಚ್ಚು

ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮಲಗಿರುವಾಗ ಅಥವಾ ಸುಮ್ಮನಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ, ಎದೆ ನೋಡುತ್ತಾ ಎಣಿಸಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮಗು ಹಾಲು, ನೀರು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. 2 ತಿಂಗಳೊಳಗಿನ ಶಿಶುವಿಗೆ ವೇಗದ ಉಸಿರಾಟ ಇದ್ದರೆ ಮನೆಯಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಮಕ್ಕಳ ನ್ಯುಮೋನಿಯಾ ಸಾವು ತಗ್ಗಿಸಲು ಕೇಂದ್ರ ಸರ್ಕಾರ 2019ರಲ್ಲಿ ‘ಸಾನ್ಸ್’ ಅಭಿಯಾನ ಆರಂಭಿಸಿತು. ನ್ಯುಮೋಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶದ ಎಲ್ಲೆಡೆ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿತು. ಮಗುವಿಗೆ ಈ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡ್‌ನಲ್ಲಿ ನೋಡಿಕೊಳ್ಳಿ.

ಭಾಷೆ ಗೊತ್ತಿಲ್ಲದಿದ್ದರೆ ಮಂಕು ಎನ್ನಬಹುದೇ?

ಹೊರರಾಜ್ಯಗಳಲ್ಲಿರುವ ಕನ್ನಡಿಗರು ಗಮನಿಸಬೇಕಾದ ಸಂಗತಿ ಇದು. ಐದು ಅಂಶಗಳಲ್ಲಿ ಮೊದಲನೆಯದು ಗೊಂದಲ. ಅದನ್ನು ಪರೀಕ್ಷಿಸುವುದು ಮಾತಿನಿಂದಲೇ. ಊರಿಂದ ಮಗನ ಮನೆಗೆಂದು ಪುಣೆಗೋ ದೆಹಲಿಗೋ ಬಂದ ಅಮ್ಮನಿಗೆ ಮರಾಠಿ, ಹಿಂದಿ ಬಾರದಿದ್ದರೆ, ವೈದ್ಯರ ಪ್ರಶ್ನೆಗೆ ಅವರು ಸುಮ್ಮನೆ ಮುಖ ನೋಡುತ್ತಾರೆ. ಅದನ್ನು ಮಂಕು ಎಂದು ತಿಳಿದು ಅಂಕ ಏರಿಸಬಹುದು. ಇದಕ್ಕಿಂತ ಅಪಾಯಕಾರಿ ಎಂದರೆ, ನಿಜವಾಗಿಯೂ ಮಂಕು ಕವಿದಿರುವಾಗ ‘ಭಾಷೆ ಬಾರದು ಪಾಪ’ ಎಂದು ಬಿಟ್ಟುಬಿಡಬಹುದು.

ಆದ್ದರಿಂದ ಕ್ಯಾಷುವಾಲ್ಟಿಯಲ್ಲಿ ಪಕ್ಕದಲ್ಲಿ ನಿಂತು ನೀವೇ ಕನ್ನಡದಲ್ಲಿ ಕೇಳಿ. ‘ಅಮ್ಮಾ, ಇದು ಯಾವ ಜಾಗ? ಇವತ್ತು ಯಾವ ವಾರ? ನಾನು ಯಾರು?’ ಉತ್ತರ ಏನು ಬಂತು, ಎಂದಿನಂತೆ ಇದ್ದಾರೋ ಇಲ್ಲವೋ ಎಂದು ವೈದ್ಯರಿಗೆ ಹೇಳಿ. ಮೊದಲೇ ಮರೆವು ಇದ್ದವರಾದರೆ ‘ಮೂರು ದಿನದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ’ ಎಂಬ ವ್ಯತ್ಯಾಸ ತಿಳಿಸಿ. ಇದನ್ನು ಮನೆಯವರಲ್ಲದೆ ಬೇರೆ ಯಾರೂ ಹೇಳಲಾರರು.

ನೀವು ಮುಂಬೈಯಲ್ಲಿ, ಅಪ್ಪ-ಅಮ್ಮ ಊರಲ್ಲಿ ಇದ್ದರೆ ಫೋನ್‌ನಲ್ಲಿ ‘ಜ್ವರ ಎಷ್ಟಿದೆ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಪಕ್ಕದಲ್ಲಿರುವವರಿಗೆ ಉಸಿರು ಎಣಿಸಲು ಹೇಳಿ. ವಿಡಿಯೊ ಕಾಲ್ ಮಾಡಿ ನೀವೇ ನೋಡಿ. ಒಂದು ವಾಕ್ಯವನ್ನು ಪೂರ್ತಿ ಹೇಳುವ ಮೊದಲೇ ಉಸಿರಿಗಾಗಿ ನಿಲ್ಲುತ್ತಿದ್ದಾರೆಯೇ? ಮೂತ್ರ ಹೋಗುವುದು ಕಡಿಮೆಯಾಗಿದೆಯೇ? ಬಿಪಿ ಮಾತ್ರೆ ತೆಗೆದುಕೊಳ್ಳುವ ಅಪ್ಪನಿಗೆ ಯಾವಾಗಲೂ 150 ಇರುವ ಬಿಪಿ ಇವತ್ತು 100 ಇದ್ದರೆ, ಅದು ನಾರ್ಮಲ್ ಅಲ್ಲ, ಕುಸಿತ.

ಮನೆಯಲ್ಲೇ ಚಿಕಿತ್ಸೆ ಎಂದರೆ ಮರೆತುಬಿಡಿ ಎಂದಲ್ಲ

ನ್ಯುಮೋನಿಯಾ ನಿಂತ ನೀರಲ್ಲ. ಬೆಳಗ್ಗೆ ಸೊನ್ನೆ ಇದ್ದ ಅಂಕ ರಾತ್ರಿ 2 ಆಗಬಹುದು. ಮನೆಗೆ ಕಳುಹಿಸಿದವರನ್ನು 48 ಗಂಟೆಯೊಳಗೆ ಮತ್ತೊಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಅಲ್ಲಿಯವರೆಗೆ ದಿನಕ್ಕೆ ಮೂರ್ನಾಲ್ಕು ಸಲ ಉಸಿರಾಟ, ಆಮ್ಲಜನಕ, ಉಷ್ಣಾಂಶ, ಸಾಧ್ಯವಾದರೆ ಬಿಪಿ ಬರೆದಿಡಿ.

ಈ ಕೆಳಗಿನ ಯಾವುದೇ ಒಂದು ಕಂಡರೂ ಮರುದಿನಕ್ಕೆ ಕಾಯಬೇಡಿ:

* ಉಸಿರಾಟ ನಿಮಿಷಕ್ಕೆ 30 ಮುಟ್ಟುವುದು ಅಥವಾ ಮಾತನಾಡಲೂ ಏದುಸಿರು
* ಆಮ್ಲಜನಕ ಮೇಲೆ ಹೇಳಿದ ಮಿತಿಗೆ ಇಳಿಯುವುದು
* ಹೊಸದಾಗಿ ಮಂಕು, ತಡವರಿಸುವ ಮಾತು, ಎಬ್ಬಿಸಿದರೂ ಏಳದಿರುವುದು
* ತುಟಿ, ಉಗುರು ನೀಲಿಯಾಗುವುದು, ಕೈಕಾಲು ತಣ್ಣಗಾಗುವುದು
* ಮೂತ್ರ ತೀರಾ ಕಡಿಮೆಯಾಗುವುದು
* ಕಫದಲ್ಲಿ ರಕ್ತ, ಹೆಚ್ಚುತ್ತಿರುವ ಎದೆನೋವು
* ಮಾತ್ರೆ, ನೀರು ಹೊಟ್ಟೆಯಲ್ಲಿ ನಿಲ್ಲದಿರುವುದು

ಆಂಬುಲೆನ್ಸ್‌ಗೆ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108, ದೆಹಲಿಯಲ್ಲಿ 102ಕ್ಕೆ ಕರೆ ಮಾಡಬಹುದು. ದೇಶದ ಎಲ್ಲೆಡೆ ತುರ್ತು ಸಂಖ್ಯೆ 112 ಇದೆ.

ಡಿಸ್ಚಾರ್ಜ್ ಯಾವಾಗ?

ಸೇರಿಸುವಾಗ ಅಳೆದಂತೆ ಕಳುಹಿಸುವಾಗಲೂ ಅಳೆಯಬೇಕು. ಉಷ್ಣಾಂಶ 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿಲ್ಲ, ನಾಡಿ 100 ಮೀರಿಲ್ಲ, ಉಸಿರಾಟ 24 ಮೀರಿಲ್ಲ, ಮೇಲಿನ ಬಿಪಿ 90 ಅಥವಾ ಹೆಚ್ಚು, ಆಕ್ಸಿಜನ್ ಹಾಕದೆ ಆಮ್ಲಜನಕ 90 ಅಥವಾ ಹೆಚ್ಚು, ಬಾಯಿಂದ ಆಹಾರ ಸೇರುತ್ತಿದೆ, ಪ್ರಜ್ಞೆ ಮೊದಲಿನಂತಿದೆ. ಇವಿಷ್ಟು ಸರಿಯಾದರೆ ರೋಗಿ ಸ್ಥಿರವಾಗಿದ್ದಾರೆ ಎಂದರ್ಥ. ಆಂಟಿಬಯೋಟಿಕ್ ಅನ್ನು ಸಾಮಾನ್ಯವಾಗಿ ಕನಿಷ್ಠ ಐದು ದಿನ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ಎರಡೇ ದಿನಕ್ಕೆ ನಿಲ್ಲಿಸಬೇಡಿ.

ಎಕ್ಸ್-ರೇ ತಿಳಿಯಾಗಲು ವಾರಗಳೇ ಬೇಕು. ಹಾಗಾಗಿ ಮೂರನೇ ದಿನ ಮತ್ತೆ ಎಕ್ಸ್-ರೇ ತೆಗೆಸಿ ‘ಇನ್ನೂ ಬಿಳಿ ಇದೆ’ ಎಂದು ಹೆದರಬೇಕಿಲ್ಲ. ಆದರೆ 50 ದಾಟಿದವರು, ಧೂಮಪಾನಿಗಳು ಸುಮಾರು ಆರು ವಾರದ ನಂತರ ಮತ್ತೊಮ್ಮೆ ತೆಗೆಸುವುದು ಒಳ್ಳೆಯದು. ನ್ಯುಮೋನಿಯಾದ ಹಿಂದೆ ಅಡಗಿದ ಗಡ್ಡೆ ಇದ್ದರೆ ಆಗ ತಿಳಿಯುತ್ತದೆ.

ನೆನಪಿಡಿ

ಅಂಕಪಟ್ಟಿ ವೈದ್ಯರಿಗೆ ಊರುಗೋಲು, ಕಣ್ಣಲ್ಲ. ಅದು ಹೇಳುವುದಕ್ಕಿಂತ ರೋಗಿ ಕೆಟ್ಟದಾಗಿ ಕಂಡರೆ ಅನುಭವಿ ವೈದ್ಯರು ಅಂಕವನ್ನು ಬದಿಗಿಟ್ಟು ದಾಖಲಿಸಿಕೊಳ್ಳುತ್ತಾರೆ. ಮನೆಯವರ ಪಾಲಿನ ಕೆಲಸ ಸರಳ. ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು, ಆಕ್ಸಿಮೀಟರ್ ನೋಡುವುದು, ನಾಲ್ಕು ಮಾತಾಡಿಸಿ ಮಂಕಿದೆಯೇ ಎಂದು ಗಮನಿಸುವುದು. ಈ ಮೂರಕ್ಕೆ ಐದು ನಿಮಿಷವೂ ಬೇಡ. ಮುಂದಿನ ಸಲ ‘ಅಡ್ಮಿಟ್ ಮಾಡಬೇಕಾ ಡಾಕ್ಟ್ರೇ?’ ಎಂದು ಕೇಳುವ ಮೊದಲು ಈ ಮೂರು ಉತ್ತರ ನಿಮ್ಮ ಕೈಯಲ್ಲಿದ್ದರೆ ವೈದ್ಯರ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರಕ್ಕೆ ನಿಮ್ಮ ವೈದ್ಯರನ್ನೇ ಸಂಪರ್ಕಿಸಿ.)